ವರ್ಚುವಲ್ ಮಷಿನ್ ಆಫ್ ಮಾಡದೆ ಬೇರೆ ಸರ್ವರ್‌ಗೆ ಸಾಗಿಸುವುದು ಹೇಗೆ?

ಸರ್ವರ್‌ನ ಒಂದು ಫ್ಯಾನ್ ಕೆಟ್ಟಿದೆ. ಪವರ್ ತೆಗೆದು ಬಿಚ್ಚಲೇಬೇಕು. ಆದರೆ ಅದರೊಳಗೆ ಎಂಟು ಹತ್ತು ವರ್ಚುವಲ್ ಮಷಿನ್‌ಗಳು, ಅಂದರೆ ಸಾಫ್ಟ್‌ವೇರ್‌ನಿಂದಲೇ ಮಾಡಿದ ಕಂಪ್ಯೂಟರ್‌ಗಳು, ಓಡುತ್ತಿವೆ. ಅವುಗಳನ್ನು ನಂಬಿಕೊಂಡು ಜನ ಕೆಲಸ ಮಾಡುತ್ತಿದ್ದಾರೆ. ಇಂಥ ಹೊತ್ತಿಗೆ ಬೇಕಾಗುವುದೇ ಲೈವ್ ಮೈಗ್ರೇಶನ್. ಅಂದರೆ, ಮಷಿನ್ ಓಡುತ್ತಿರುವಾಗಲೇ ಅದನ್ನು ಪಕ್ಕದ ಸರ್ವರ್‌ಗೆ ದಾಟಿಸುವುದು. ವಿಎಂವೇರ್ ಕಂಪನಿ ಇದನ್ನು 2003ರಲ್ಲೇ ವಿಮೋಷನ್ ಎಂಬ ಹೆಸರಿನಲ್ಲಿ ತಂದಿತು. ಕ್ಸೆನ್ ಎಂಬ ಇಂಥದೇ ಸಾಫ್ಟ್‌ವೇರ್ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕ್ವೇಕ್ 3 ಗೇಮ್ ಸರ್ವರ್ ಒಂದನ್ನು ಬರೀ 60 ಮಿಲಿಸೆಕೆಂಡು ನಿಲ್ಲಿಸಿ ಸಾಗಿಸಿದ್ದರು. ಇಲ್ಲಿ ವರ್ಚುವಲ್ ಮಷಿನ್ ಓಡಿಸುವ ಲಿನಕ್ಸ್‌ನ ಕೆವಿಎಂ ಮತ್ತು ಅವನ್ನು ನಿಭಾಯಿಸುವ ವಿರ್ಶ್ (virsh) ಕಮಾಂಡ್ ಇಟ್ಟುಕೊಂಡು ಹೇಳುತ್ತೇನೆ. ಬೇರೆ ಸಾಫ್ಟ್‌ವೇರ್‌ಗಳಲ್ಲಿ ಬಟನ್ ಬೇರೆ ಇರಬಹುದು, ಒಳಗಿನ ಲೆಕ್ಕ ಹೆಚ್ಚುಕಡಿಮೆ ಅದೇ.

ಮೊದಲು ಆ ಲೆಕ್ಕ ತಿಳಿದುಕೊಳ್ಳೋಣ. ಮಷಿನ್‌ನ ಮೆಮೊರಿ ಸಣ್ಣ ಸಣ್ಣ ಪೇಜ್‌ಗಳಾಗಿ ಇರುತ್ತದೆ, ಸಾಮಾನ್ಯವಾಗಿ ಒಂದೊಂದು 4 ಕೆಬಿ. ಮೈಗ್ರೇಶನ್ ಶುರುವಾದಾಗ ಎಲ್ಲಾ ಪೇಜ್‌ಗಳೂ ಒಂದು ಸಲ ಹೊಸ ಸರ್ವರ್‌ಗೆ ಕಾಪಿ ಆಗುತ್ತವೆ. ಅಷ್ಟರಲ್ಲಿ ಮಷಿನ್ ಸುಮ್ನೆ ಕೂತಿರುವುದಿಲ್ಲ, ಹಲವು ಪೇಜ್‌ಗಳ ಮೇಲೆ ಮತ್ತೆ ಬರೆದಿರುತ್ತದೆ. ಅವನ್ನು ಎರಡನೇ ಸುತ್ತಿನಲ್ಲಿ ಕಳಿಸಬೇಕು. ಆಮೇಲೆ ಮೂರನೇ ಸುತ್ತು, ನಾಲ್ಕನೇ ಸುತ್ತು. ಗಾಳಿಗೆ ಎಲೆ ಉದುರುತ್ತಿರುವಾಗ ಅಂಗಳ ಗುಡಿಸಿದ ಹಾಗೆ. ಉಳಿದದ್ದು ಕ್ಷಣದಲ್ಲಿ ಕಳಿಸುವಷ್ಟು ಕಡಿಮೆಯಾದಾಗ, ಮಷಿನ್ ಅನ್ನು ಒಂದು ಗಳಿಗೆ ತಡೆದು, ಆ ಉಳಿಕೆಯನ್ನೂ ಪ್ರೊಸೆಸರ್‌ನ ಸ್ಥಿತಿಯನ್ನೂ ದಾಟಿಸಿ, ಆಚೆ ಕಡೆ ಓಡಿಸುತ್ತಾರೆ. ಎಲೆ ಬೀಳುವ ವೇಗ ಗುಡಿಸುವ ವೇಗಕ್ಕಿಂತ ಜಾಸ್ತಿ ಇದ್ದರೆ? ಕೆಲಸ ಮುಗಿಯುವುದೇ ಇಲ್ಲ. ಈ ಒಂದು ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಮೈಗ್ರೇಶನ್ ಶುರು ಮಾಡಬೇಡಿ.

ಹೊರಡುವ ಮುಂಚೆ

ಎರಡೂ ಸರ್ವರ್‌ಗಳ ಪ್ರೊಸೆಸರ್ ನೋಡಿ. ಇಂಟೆಲ್‌ನಿಂದ ಎಎಂಡಿಗೆ ಲೈವ್ ಆಗಿ ಸಾಗಿಸುವ ಯೋಚನೆ ಬಿಟ್ಟುಬಿಡಿ. ಒಂದೇ ಕಂಪನಿಯದಾದರೂ ಹೊಸದರಲ್ಲಿರುವ ಕೆಲವು ಸೌಲಭ್ಯ ಹಳೆಯದರಲ್ಲಿ ಇರುವುದಿಲ್ಲ. ಮಷಿನ್‌ನ ಸೆಟ್ಟಿಂಗ್‌ನಲ್ಲಿ ಹೋಸ್ಟ್-ಪಾಸ್‌ಥ್ರೂ (ಸರ್ವರ್‌ನ ಪ್ರೊಸೆಸರ್ ಅನ್ನು ಇದ್ದ ಹಾಗೇ ಮಷಿನ್‌ಗೆ ತೋರಿಸುವುದು) ಇದ್ದು, ಎರಡು ಸರ್ವರ್‌ಗಳು ತದ್ರೂಪ ಅಲ್ಲದಿದ್ದರೆ ತೊಂದರೆ ಆಗಬಹುದು. ಎರಡಕ್ಕೂ ಹೊಂದುವ ಸಿಪಿಯು ಮಾಡೆಲ್ ಅನ್ನು ಮೊದಲೇ ಕೊಟ್ಟಿರಬೇಕು. ಈ ಬದಲಾವಣೆ ಜಾರಿಗೆ ಬರಲು ಮಷಿನ್ ಅನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಬೇಕು. ಒಳಗಿನಿಂದ ರೀಬೂಟ್ ಕೊಟ್ಟರೆ ಸಾಲದು.

ಆಮೇಲೆ ಡಿಸ್ಕ್. ಎನ್‌ಎಫ್‌ಎಸ್, ಐಸ್ಕಸಿ, ಸೆಫ್‌ನಂಥ ಹಂಚಿಕೊಂಡ ಸ್ಟೋರೇಜ್ (ಎರಡೂ ಸರ್ವರ್‌ಗಳು ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್) ಇದ್ದರೆ ಡಿಸ್ಕ್ ಕದಲಬೇಕಾಗಿಲ್ಲ. ಎರಡೂ ಸರ್ವರ್‌ಗಳಿಗೆ ಅದು ಒಂದೇ ಪಾತ್‌ನಲ್ಲಿ ಕಾಣುತ್ತಿದ್ದರೆ ಆಯಿತು. ಡಿಸ್ಕ್‌ನ ಕ್ಯಾಶ್ ಮೋಡ್ 'ನನ್' (none) ಎಂದಿರಲಿ. ಹಂಚಿಕೊಂಡ ಸ್ಟೋರೇಜ್ ಇಲ್ಲವಾದರೆ ಡಿಸ್ಕ್ ಕೂಡ ನೆಟ್‌ವರ್ಕ್ ಮೇಲೇ ಹೋಗಬೇಕು. 500 ಜಿಬಿ ಡಿಸ್ಕ್‌ಗೆ 1 ಗಿಗಾಬಿಟ್ ಲೈನ್‌ನಲ್ಲಿ ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ.

ಮಷಿನ್‌ಗಳನ್ನು ಹೊರಗಿನ ನೆಟ್‌ವರ್ಕ್‌ಗೆ ಸೇರಿಸುವ ನೆಟ್‌ವರ್ಕ್ ಬ್ರಿಡ್ಜ್‌ನ ಹೆಸರು ಎರಡೂ ಕಡೆ ಒಂದೇ ಇರಲಿ, ವಿಎಲ್ಯಾನ್ (ನೆಟ್‌ವರ್ಕ್‌ನೊಳಗಿನ ಪ್ರತ್ಯೇಕ ವಿಭಾಗ) ಕೂಡ ಅದೇ ಇರಲಿ. ಐಪಿ ವಿಳಾಸ ಬದಲಾಗುವುದಿಲ್ಲ. ಮಷಿನ್ ಜಾಗ ಬದಲಿಸಿದೆ ಎಂದು ಹೊಸ ಸರ್ವರ್ ತಾನೇ ಸ್ವಿಚ್‌ಗೆ ಸುದ್ದಿ ಮುಟ್ಟಿಸುತ್ತದೆ. ಫೈರ್‌ವಾಲ್‌ನಲ್ಲಿ 49152ರಿಂದ 49215ರವರೆಗಿನ ಪೋರ್ಟ್‌ಗಳು ತೆರೆದಿರಬೇಕು. ಒಂದು ಸರ್ವರ್‌ನಲ್ಲಿ ಇನ್ನೊಂದರ ಹೆಸರು ಕೊಟ್ಟರೆ ಅದರ ಸರಿಯಾದ ಐಪಿ ಸಿಗಬೇಕು. ಹೊಸ ಸರ್ವರ್ ತನ್ನ ಹೆಸರನ್ನು ಲೋಕಲ್‌ಹೋಸ್ಟ್ ಎಂದುಕೊಂಡಿದ್ದರೆ ಮೈಗ್ರೇಶನ್ ಅಲ್ಲೇ ಮುಗ್ಗರಿಸುತ್ತದೆ. ಮಷಿನ್‌ಗೆ ಸಿಕ್ಕಿಸಿ ಮರೆತ ಐಎಸ್ಒ ಫೈಲ್ (ಸಿಡಿಯ ನಕಲು) ಇದ್ದರೆ ತೆಗೆದುಬಿಡಿ. ಬ್ಯಾಕಪ್ ತೆಗೆದಿಟ್ಟುಕೊಳ್ಳಿ.

ಎಲೆ ಬೀಳುವ ವೇಗ

ಒಮ್ಮೆ ನಾನು 64 ಜಿಬಿ ಮೆಮೊರಿಯ ಡೇಟಾಬೇಸ್ ಮಷಿನ್ ಒಂದನ್ನು 1 ಗಿಗಾಬಿಟ್ ಲೈನ್ ಮೇಲೆ ಕಳಿಸಲು ಹೊರಟೆ. ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದೆ. ಮುಕ್ಕಾಲು ಗಂಟೆ ಕಳೆದರೂ ಮುಗಿಯಲಿಲ್ಲ. ಉಳಿದ ಲೆಕ್ಕ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಕೊನೆಗೆ ನೋಡಿದರೆ, ಅದೇ ಹೊತ್ತಿಗೆ ಮಷಿನ್ ಒಳಗೆ ದಿನದ ವರದಿ ತಯಾರಾಗುತ್ತಿತ್ತು. 1 ಗಿಗಾಬಿಟ್ ಲೈನ್ ಸೆಕೆಂಡಿಗೆ 125 ಎಂಬಿ ದಾಟುವಂತಿಲ್ಲ, ಕೈಗೆ ಸಿಗುವುದು 110ರ ಆಸುಪಾಸು. ಮಷಿನ್ ಅದಕ್ಕಿಂತ ಜೋರಾಗಿ ಬರೆಯುತ್ತಿತ್ತು. ಬೆಳಗಿನ ಜಾವ ಎಲ್ಲಾ ಶಾಂತವಾದ ಮೇಲೆ ಅದೇ ಮಷಿನ್ ಒಂದೇ ಪ್ರಯತ್ನಕ್ಕೆ ದಾಟಿತು.

ಆದ್ದರಿಂದ ಮೊದಲು ಅಳೆಯಿರಿ. ವಿರ್ಶ್‌ನಲ್ಲಿ 'ಡಾಮ್‌ಡರ್ಟಿರೇಟ್-ಕ್ಯಾಲ್ಕ್' ಎಂಬ ಕಮಾಂಡ್ ಇದೆ. ಮಷಿನ್ ಎಷ್ಟು ವೇಗವಾಗಿ ಮೆಮೊರಿ ಬದಲಿಸುತ್ತಿದೆ ಎಂದು ಅದು ಲೆಕ್ಕ ಹಾಕುತ್ತದೆ, ಫಲಿತಾಂಶ 'ಡಾಮ್‌ಸ್ಟ್ಯಾಟ್ಸ್'ನಲ್ಲಿ ಸಿಗುತ್ತದೆ. ದಿನದ ಬೇರೆ ಬೇರೆ ಹೊತ್ತಿನಲ್ಲಿ ಅಳೆದು ನೋಡಿ. ಲೈನ್‌ನ ವೇಗಕ್ಕಿಂತ ಅದು ಸಾಕಷ್ಟು ಕಡಿಮೆ ಇರುವ ಹೊತ್ತೇ ನಿಮ್ಮ ಮುಹೂರ್ತ.

ದಾಟಿಸುವುದು

ಈಗ ಕಮಾಂಡ್. 'ವಿರ್ಶ್ ಮೈಗ್ರೇಟ್' ಎಂದು ಕೊಟ್ಟು, ಲೈವ್ (ಓಡುತ್ತಲೇ ಸಾಗಿಸು), ಪರ್ಸಿಸ್ಟೆಂಟ್ (ಹೊಸ ಕಡೆ ಕಾಯಂ ಆಗಿ ದಾಖಲಿಸು), ಅನ್‌ಡಿಫೈನ್-ಸೋರ್ಸ್ (ಹಳೆಯ ಕಡೆಯ ದಾಖಲೆ ಅಳಿಸು), ವರ್ಬೋಸ್ (ಪ್ರಗತಿ ತೋರಿಸು) ಎಂಬ ನಾಲ್ಕು ಆಯ್ಕೆ ಸೇರಿಸಿ, ಮಷಿನ್‌ನ ಹೆಸರು ಮತ್ತು ಹೊಸ ಸರ್ವರ್‌ನ ವಿಳಾಸ ಕೊಡಿ. ಡಿಸ್ಕ್ ಕೂಡ ಸಾಗಬೇಕಿದ್ದರೆ 'ಕಾಪಿ-ಸ್ಟೋರೇಜ್-ಆಲ್' ಜೊತೆಗಿರಲಿ. ಮೆಮೊರಿಯಲ್ಲಿ ಪಾಸ್‌ವರ್ಡ್‌ಗಳೂ ಇರುತ್ತವೆ, ಅಲ್ವಾ? ಮೈಗ್ರೇಶನ್‌ಗೆ ಪ್ರತ್ಯೇಕ ನೆಟ್‌ವರ್ಕ್ ಇಲ್ಲದಿದ್ದರೆ ಟಿಎಲ್‌ಎಸ್ (ಡೇಟಾವನ್ನು ಗುಪ್ತಲಿಪಿಯಲ್ಲಿ ಕಳಿಸುವ ವಿಧಾನ) ಇಲ್ಲದೆ ಕಳಿಸಬೇಡಿ.

ಇನ್ನೊಂದು ಟರ್ಮಿನಲ್‌ನಲ್ಲಿ 'ಡಾಮ್‌ಜಾಬ್‌ಇನ್ಫೋ' ನೋಡುತ್ತಿರಿ. ಉಳಿದ ಮೆಮೊರಿ ಸುತ್ತಿನಿಂದ ಸುತ್ತಿಗೆ ಇಳಿಯಬೇಕು. ಇಳಿಯದಿದ್ದರೆ ಮೂರು ದಾರಿ ಇವೆ. ಮೊದಲನೆಯದು, ಕೊನೆಯ ತಡೆಯ ಸಮಯ. ಕೆವಿಎಂ ಜೊತೆ ಮಷಿನ್ ಓಡಿಸುವ ಸಾಫ್ಟ್‌ವೇರ್ ಕ್ಯೂಎಮು ಅದಕ್ಕೆ ಬಿಡುವುದು ಸಾಮಾನ್ಯವಾಗಿ 300 ಮಿಲಿಸೆಕೆಂಡು. ಅದನ್ನು 'ಮೈಗ್ರೇಟ್-ಸೆಟ್‌ಮ್ಯಾಕ್ಸ್‌ಡೌನ್‌ಟೈಮ್' ಮೂಲಕ ಒಂದೆರಡು ಸೆಕೆಂಡಿಗೆ ಏರಿಸಬಹುದು. ನಾನು ಮೊದಲು ಹಿಡಿಯುವುದು ಇದನ್ನೇ. ಎರಡನೆಯದು ಆಟೋ-ಕನ್ವರ್ಜ್. ಇದು ಮಷಿನ್‌ನ ಪ್ರೊಸೆಸರ್ ವೇಗವನ್ನೇ ಕುಗ್ಗಿಸುತ್ತದೆ. ಕೆಲಸ ಆಗುತ್ತದೆ, ಆದರೆ ಬಳಕೆದಾರರಿಗೆ ನಿಧಾನ ಗೊತ್ತಾಗುತ್ತದೆ. ಮೂರನೆಯದು ಪೋಸ್ಟ್-ಕಾಪಿ. ಮಷಿನ್ ಮೊದಲು ಆಚೆ ಹೋಗಿ ಓಡತೊಡಗುತ್ತದೆ, ಬೇಕಾದ ಪೇಜ್‌ಗಳು ಹಿಂದಿನಿಂದ ಬರುತ್ತವೆ. ಎಲೆ ಎಷ್ಟೇ ಬೀಳಲಿ, ಇದು ಮುಗಿದೇ ಮುಗಿಯುತ್ತದೆ. ಆದರೆ ನಡುವೆ ಹಳೆಯ ಸರ್ವರ್ ಸತ್ತರೆ, ಮೆಮೊರಿ ಅರ್ಧ ಇಲ್ಲಿ ಅರ್ಧ ಅಲ್ಲಿ ಉಳಿದು ಮಷಿನ್ ಕೈತಪ್ಪುತ್ತದೆ. ಕೆಡುತ್ತಿರುವ ಸರ್ವರ್‌ನಿಂದ ತಪ್ಪಿಸಿಕೊಳ್ಳುತ್ತಿರುವಾಗ ನಾನಂತೂ ಈ ದಾರಿಗೆ ಹೋಗುವುದಿಲ್ಲ. ಮಾಮೂಲಿ ವಿಧಾನದಲ್ಲಿ ಆ ಭಯವಿಲ್ಲ. 'ಡಾಮ್‌ಜಾಬ್‌ಅಬಾರ್ಟ್' ಕೊಟ್ಟು ನಿಲ್ಲಿಸಿದರೆ ಮಷಿನ್ ಹಳೆಯ ಜಾಗದಲ್ಲೇ ಏನೂ ಆಗದಂತೆ ಓಡುತ್ತಿರುತ್ತದೆ.

ದಾಟಿದ ಮೇಲೆ

ಮಷಿನ್ ಒಳಗೆ ಲಾಗಿನ್ ಆಗಿ. ಗಡಿಯಾರ ಸರಿ ಇದೆಯಾ, ಅಪ್ಲಿಕೇಶನ್ ಉತ್ತರಿಸುತ್ತಿದೆಯಾ, ಲಾಗ್‌ನಲ್ಲಿ ದೂರು ಇದೆಯಾ ನೋಡಿ. ಸರ್ವರ್ ಆನ್ ಆದಾಗ ಮಷಿನ್ ತಾನೇ ಏಳುವ ಆಟೋಸ್ಟಾರ್ಟ್ ಸೆಟ್ಟಿಂಗ್ ಮಷಿನ್ ಜೊತೆ ಬರುವುದಿಲ್ಲ. ಹೊಸ ಸರ್ವರ್‌ನಲ್ಲಿ ಅದನ್ನು ಕೈಯಾರೆ ಹಾಕಿ. ಮರೆತರೆ, ಮುಂದೆಂದೋ ಕರೆಂಟ್ ಹೋಗಿ ಬಂದಾಗ ಮಷಿನ್ ಏಳುವುದೇ ಇಲ್ಲ.

ಕೊನೆಯದಾಗಿ ಹಳೆಯ ಸರ್ವರ್‌ನಲ್ಲಿ 'ವಿರ್ಶ್ ಲಿಸ್ಟ್' ಜೊತೆ 'ಆಲ್' ಸೇರಿಸಿ ನೋಡಿ. ಸಾಗಿಸಿದ ಮಷಿನ್‌ನ ಹೆಸರು ಅಲ್ಲಿ ಇರಬಾರದು. ಇದ್ದರೆ, ಯಾರೋ ಗೊತ್ತಿಲ್ಲದೆ ಅದನ್ನು ಸ್ಟಾರ್ಟ್ ಮಾಡಬಹುದು. ಆಗ ಎರಡು ಮಷಿನ್‌ಗಳು ಒಂದೇ ಡಿಸ್ಕ್ ಮೇಲೆ ಬರೆದು ಫೈಲ್ ಸಿಸ್ಟಂ ಹಾಳಾಗುತ್ತದೆ. ಅನ್‌ಡಿಫೈನ್-ಸೋರ್ಸ್ ಸೇರಿಸಿ ಎಂದದ್ದು ಇದಕ್ಕೇ. ಪಟ್ಟಿ ಖಾಲಿ ಇದ್ದರೆ ಪವರ್ ತೆಗೆದು ಫ್ಯಾನ್ ಬಿಚ್ಚಿ.