ಡೆಂಗಿ ವೈರಸ್ಸಿನ ಜಾಡು ವಿಜಯಪುರದಲ್ಲಿಯೇ ಸಿಕ್ಕಿತು: ನನ್ನ ಅನುಭವ

ಜಿಲ್ಲೆಯ ಎರಡು ಊರುಗಳ ಡೆಂಗಿ ರೋಗಿಗಳ ಸೀರಮ್‌ಗಳಿಂದ (ರಕ್ತದ ತಿಳಿದ್ರವ) ವೈರಸ್ಸಿನ ಪೂರ್ಣ ಜೀನೋಮನ್ನು, ಅಂದರೆ ಅದರ ಇಡೀ ಆನುವಂಶಿಕ ಬರಹವನ್ನು, ಇಲ್ಲಿಯೇ ಓದುತ್ತೇನೆ ಎಂದಾಗ, ಸಿಟಿ ಮೌಲ್ಯ (ಪಿಸಿಆರ್ ಪರೀಕ್ಷೆಯಲ್ಲಿ ವೈರಸ್ ಕಾಣಲು ಬೇಕಾದ ಸುತ್ತುಗಳ ಎಣಿಕೆ; ಅದು ಹೆಚ್ಚಿದಷ್ಟೂ ವೈರಸ್ ಕಡಿಮೆ) 30 ದಾಟಿದ ಮಾದರಿಗಳಿಂದ ಏನೂ ಹೊರಡದು, ಬೆಂಗಳೂರಿಗೋ ಪುಣೆಗೋ ಕಳುಹಿಸಿ ಸುಮ್ಮನಿರಿ ಎಂದವರೇ ಹೆಚ್ಚು. ಅವರ ಅನುಮಾನ ತೀರ ಬುಡವಿಲ್ಲದ್ದೇನೂ ಆಗಿರಲಿಲ್ಲ. ಜ್ವರದ ಐದಾರನೆಯ ದಿನ ಆಸ್ಪತ್ರೆಗೆ ಬರುವವರ ರಕ್ತದಲ್ಲಿ ವೈರಸ್ ಆಗಲೇ ಇಳಿಮುಖವಾಗಿರುತ್ತದೆ. ಬಸ್ಸಿನಲ್ಲಿ ಬರುವ ಲಸಿಕೆ ಪೆಟ್ಟಿಗೆಯ ಐಸ್ ಕರಗಿದರೆ ಉಳಿದ ಆರ್‌ಎನ್‌ಎ (ಈ ವೈರಸ್ಸಿನ ಜೀನೋಮ್ ಇರುವ ಎಳೆ) ಕೂಡ ತುಂಡಾಗುತ್ತದೆ. ಜೀನೋಮನ್ನು ಎರಡು ಸಾವಿರ ಬೇಸ್‌ಗಳ (ಆ ಬರಹದ ಅಕ್ಷರಗಳ) ಉದ್ದ ತುಣುಕುಗಳಾಗಿ ನಕಲು ಮಾಡಲು ಪ್ರಯತ್ನಿಸಿದಾಗ, ನಕಲು ಆಗಿದೆಯೇ ಎಂದು ತೋರಿಸುವ ಜೆಲ್ ಮೇಲೆ ಬ್ಯಾಂಡೇ ಮೂಡಲಿಲ್ಲ, ಎರಡು ಕಿಟ್‌ಗಳ ಹಣ ನೀರುಪಾಲಾಯಿತು.

ಸುಮಾರು 400 ಬೇಸ್‌ಗಳ, ಒಂದರ ಮೇಲೊಂದು ಚಾಚುವ ತುಣುಕುಗಳಿಗೆ ಇಳಿದು, ಸಮ ಮತ್ತು ಬೆಸ ಸಂಖ್ಯೆಯ ಪ್ರೈಮರ್ ಜೋಡಿಗಳನ್ನು (ತುಣುಕಿನ ಎರಡು ತುದಿಗೆ ಕೂತು ನಕಲು ಶುರುಮಾಡುವ ಚಿಕ್ಕ ಡಿಎನ್‌ಎ ಎಳೆಗಳು) ಬೇರೆ ಬೇರೆ ಟ್ಯೂಬುಗಳಲ್ಲಿ ನಡೆಸಿದ ಮೇಲೆ ಕೆಲಸ ಕುದುರಿತು. ವೈರಸ್ಸಿನ ಹೊರಕವಚದ ಪ್ರೋಟೀನಿಗೆ ಸೇರಿದ ಇ ಜೀನಿನ ನಡುವೆ ಮಾತ್ರ ಪ್ರತಿಸಲವೂ ಓದು ಸಿಗದ ಕಂದಕ ಬೀಳುತ್ತಿತ್ತು. ಅಲ್ಲಿನ ಪ್ರೈಮರ್‌ಗಳ ಪ್ರಮಾಣವನ್ನು ಹೇಗೆ ಹೊಂದಿಸಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ನೆನಪಿನಂತೆ ಎಂಬತ್ತು ಸಾವಿರ ರೂಪಾಯಿಯ ಆಸುಪಾಸಿನ ಫ್ಲೋ ಸೆಲ್ಲನ್ನು (ಮಿನ್‌ಅಯಾನ್ ಎಂಬ ಅಂಗೈಯಗಲದ ಜೀನೋಮ್ ಓದುವ ಯಂತ್ರದೊಳಗೆ ಕೂರುವ, ಡಿಎನ್‌ಎ ಓದುವ ಭಾಗ) ತೊಳೆದು ಮತ್ತೆ ಬಳಸಿದ್ದರಿಂದ ಮಾದರಿಯೊಂದಕ್ಕೆ ನಾಲ್ಕೈದು ಸಾವಿರದೊಳಗೆ ಮುಗಿಯಿತು. ಆದರೆ ತೊಳೆದ ಮೇಲೂ ಹಿಂದಿನ ಓಟದ ಡಿಎನ್‌ಎ ಸ್ವಲ್ಪ ಉಳಿಯುವುದರಿಂದ, ಹಿಂದೆ ಬಳಸಿದ ಬಾರ್‌ಕೋಡ್‌ಗಳನ್ನು (ಯಾವ ಡಿಎನ್‌ಎ ಯಾವ ಮಾದರಿಯದೆಂದು ಗುರುತಿಸಲು ಅಂಟಿಸುವ ಚಿಕ್ಕ ಗುರುತು ಎಳೆಗಳು) ಅದೇ ಸೆಲ್ಲಿನಲ್ಲಿ ಮತ್ತೆ ಬಳಸಲಿಲ್ಲ. ಸಿಟಿ 33ರ ಮಾದರಿಯ ಜೀನೋಮೂ ನೂರಕ್ಕೆ ತೊಂಬತ್ತರಷ್ಟು ತುಂಬಿ ಬಂದಾಗ, ಬೇಡವೆಂದಿದ್ದವರೇ ಪ್ರೈಮರ್ ಪಟ್ಟಿ ಕೇಳಿದರು.

ನೀರು ಐದಾರು ದಿನಕ್ಕೊಮ್ಮೆ ಬರುವ ಓಣಿಗಳ ತೊಟ್ಟಿ, ಬ್ಯಾರಲ್‌ಗಳ ಬಳಿ ಹಿಡಿದ ಹೆಣ್ಣು ಈಡಿಸ್ ಸೊಳ್ಳೆಗಳನ್ನು ಹತ್ತರಂತೆ ಅರೆದೂ ನೋಡಿದೆ. ಒಂದು ಗುಂಪು ಮಾತ್ರ ಪಾಸಿಟಿವ್ ಬಂದಿತು, ಅದರಲ್ಲಿಯೂ ನಾಲ್ಕಾರು ತುಣುಕುಗಳಷ್ಟೇ ಓದಿಗೆ ಸಿಕ್ಕವು.

ಸುಮಾರು 10,700 ಬೇಸ್‌ಗಳ ಈ ವೈರಸ್ಸಿನಲ್ಲಿ ವರ್ಷಕ್ಕೆ ಏಳೆಂಟು ಬದಲಾವಣೆಗಳು ನೆಲೆಗೊಳ್ಳುತ್ತವೆ. ಆದ್ದರಿಂದ ಒಂದೇ ತಿಂಗಳ ಮಾದರಿಗಳಿಂದ ಯಾರ ಮನೆಯಿಂದ ಯಾರ ಮನೆಗೆ ಹಬ್ಬಿತು ಎಂದು ಹೇಳುವುದು ಬರಿಯ ಊಹೆ. ಊರಿಂದೂರಿನ ಲೆಕ್ಕ ಬೇರೆ. ಮೊದಲ ಊರಿನ ಜಾತ್ರೆಗೆ ಹೋದವರಿಂದಲೇ ರೋಗ ಎರಡನೆಯ ಊರಿಗೆ ಬಂದಿತೆಂದು ಎಲ್ಲರೂ ನಂಬಿದ್ದರು. ಎರಡೂ ಕಡೆ ಡೆಂಗಿ-2 (ಡೆಂಗಿಯ ನಾಲ್ಕು ಬಗೆಗಳಲ್ಲಿ ಒಂದು) ಇದ್ದರೂ, ಪ್ರೈಮರ್ ಕೂರುವ ಜಾಗಗಳನ್ನು (ಅಲ್ಲಿ ಓದಿಗೆ ಬರುವುದು ವೈರಸ್ಸಿನದಲ್ಲ, ಪ್ರೈಮರಿನದೇ ಅಕ್ಷರಗಳು) ಕತ್ತರಿಸಿ ಹೋಲಿಸಿದಾಗ ನಲವತ್ತಕ್ಕೂ ಮಿಕ್ಕಿ ವ್ಯತ್ಯಾಸಗಳು ಕಂಡವು. ವರ್ಷಕ್ಕೆ ಏಳೆಂಟರ ಲೆಕ್ಕದಲ್ಲಿ ಇಷ್ಟು ಅಂತರ ಒಂದು ಜಾತ್ರೆಯ ಅವಧಿಯಲ್ಲಿ ಬೆಳೆಯದು. ಎರಡೂ ಊರುಗಳಿಗೆ ವೈರಸ್ ಬೇರೆ ಬೇರೆಯಾಗಿಯೇ ಬಂದಿತ್ತು. ಗುಳೆ ಹೋಗಿ ಮರಳಿದವರ ವಿವರವನ್ನು ಈಗ ಎರಡೂ ಕಡೆ ಪ್ರತ್ಯೇಕವಾಗಿ ಕಲೆಹಾಕುತ್ತಿದ್ದೇವೆ. ಮಾದರಿ ಕಳುಹಿಸುವವರು ಜ್ವರದ ಎಷ್ಟನೆಯ ದಿನ ರಕ್ತ ತೆಗೆದದ್ದೆಂದು ಟ್ಯೂಬಿನ ಮೇಲೆಯೇ ಬರೆದರೆ, ಯಾವುದನ್ನು ಮೊದಲು ಓಡಿಸಬೇಕೆಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.