ರೇಡಿಯೇಟರ್ ಹೋಸ್ ಮತ್ತು ಅದಕ್ಕೊಪ್ಪುವ ಲೂಬ್ರಿಕೆಂಟ್: ನನ್ನ ಅನುಭವ

ನನ್ನ ಕಾರಿನ ಕೂಲಿಂಗ್ ವ್ಯವಸ್ಥೆಯ ಹೋಸ್‌ಗಳನ್ನು ನಾನೇ ಬದಲಿಸಲು ಹೊರಟಾಗ, ಹಳೆಯ ಹೋಸ್ ಯಾವ ರಬ್ಬರಿನದು ಎಂಬುದನ್ನು ಮೊದಲು ಖಚಿತಪಡಿಸಿಕೊಂಡೆ. ಹೋಸ್‌ನ ಆಯ್ಕೆ ಬೇರೆ, ಅದನ್ನು ಕೂರಿಸುವಾಗ ಹಚ್ಚುವ ಲೂಬ್ರಿಕೆಂಟ್‌ನ ಆಯ್ಕೆ ಬೇರೆ ಎಂದು ಹಲವರು ಭಾವಿಸುತ್ತಾರೆ. ರಬ್ಬರಿನ ಜಾತಿ ತಿಳಿಯದೆ ಅದಕ್ಕೆ ಏನು ಹಚ್ಚಬಹುದೆಂದು ನಿರ್ಧರಿಸುವುದು ಸಾಧ್ಯವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೆಚ್ಚಿನ ವಾಹನಗಳಲ್ಲಿ ಇರುವುದು ಇಪಿಡಿಎಂ ಎಂಬ ಕಪ್ಪು ರಬ್ಬರಿನ ಹೋಸ್. ಅದರ ಗೋಡೆಯೊಳಗೆ ಬಲಕ್ಕಾಗಿ ನೂಲಿನ ಹೆಣಿಗೆ ಇರುತ್ತದೆ. ಈ ರಬ್ಬರು ನೀರನ್ನೂ, ಎಂಜಿನ್ ತಣಿಸುವ ದ್ರವವಾದ ಕೂಲಂಟ್‌ನಲ್ಲಿರುವ ಗ್ಲೈಕಾಲನ್ನೂ ಚೆನ್ನಾಗಿ ತಾಳುತ್ತದೆ, ಸಾಮಾನ್ಯ ದರ್ಜೆಯದು ಸುಮಾರು 125 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯನ್ನು ಸಹಿಸುತ್ತದೆ, ಆದರೆ ಪೆಟ್ರೋಲಿಯಂ ಎಣ್ಣೆ ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ. ಸಿಲಿಕೋನ್ ಹೋಸ್ ಸುಮಾರು 180 ಡಿಗ್ರಿಯವರೆಗೆ ತಾಳುವುದಾದರೂ ಅದರ ಗೋಡೆಯ ಮೂಲಕ ನೀರಿನ ಆವಿ ಇಪಿಡಿಎಂಗಿಂತ ಹೆಚ್ಚಾಗಿ ಹೊರಹೋಗುತ್ತದೆ. ಎಣ್ಣೆಯ ವಿಷಯದಲ್ಲಿ ಅದೂ ದುರ್ಬಲವೇ. ಟರ್ಬೊ ಇಲ್ಲದ ನನ್ನ ಎಂಜಿನ್‌ಗೆ ಅಷ್ಟು ತಾಪಸಹನೆಯ ಅಗತ್ಯವಿರಲಿಲ್ಲವಾದ್ದರಿಂದ, ತಯಾರಕರು ಸೂಚಿಸಿದ ಆಕಾರದಲ್ಲೇ ಎರಕವಾದ ಇಪಿಡಿಎಂ ಹೋಸ್‌ಗಳನ್ನೇ ಆರಿಸಿಕೊಂಡೆ.

ಹಳೆಯ ಹೋಸ್‌ಗಳು ಹೊರಗಿನಿಂದ ಸೊಗಸಾಗಿಯೇ ಕಾಣುತ್ತಿದ್ದವು. ಆದರೆ ಎಂಜಿನ್ ಪೂರ್ತಿ ತಣಿದ ಮೇಲೆ, ಹೋಸನ್ನು ಬಿಗಿದು ಹಿಡಿಯುವ ಕ್ಲಾಂಪಿನ ಹತ್ತಿರ ಬೆರಳುಗಳಿಂದ ಹಿಸುಕಿ ನೋಡಿದಾಗ ಒಳಗೆ ಸೀಳುಗಳಿರುವಂತೆ ತೋರಿತು, ಬಿಚ್ಚಿ ಕತ್ತರಿಸಿದಾಗ ಉದ್ದಕ್ಕೂ ಕೂದಲೆಳೆಯಂಥ ಬಿರುಕುಗಳು ಕಂಡವು. ಲೋಹದ ಕೊಳವೆ, ಕೂಲಂಟ್ ಮತ್ತು ಇಂಗಾಲ ಬೆರೆತ ರಬ್ಬರು ಸೇರಿ ಒಂದು ಸಣ್ಣ ವಿದ್ಯುತ್ ಕೋಶದಂತೆ ವರ್ತಿಸುವುದರಿಂದ ಹೋಸ್ ಒಳಗಿನಿಂದಲೇ ಸೀಳುತ್ತದೆ, ಕೂಲಂಟ್ ಆ ಸೀಳುಗಳಲ್ಲಿ ನುಗ್ಗಿ ನೂಲನ್ನು ದುರ್ಬಲಗೊಳಿಸುತ್ತದೆ. ಹೊಸದನ್ನು ಆರಿಸುವಾಗ ಈ ಸವೆತವನ್ನು ತಡೆಯುವ ದರ್ಜೆಯದೆಂದು ತಯಾರಕರು ಹೇಳಿರುವುದನ್ನೇ ಕೇಳಿ ಪಡೆಯುವುದು ಒಳ್ಳೆಯದು. ಕೆಳಗಿನ ಹೋಸ್ ಪಂಪಿನ ಸೆಳೆತದ ಬದಿಯಲ್ಲಿರುವ ಕಾರಣ, ಹಳೆಯದರೊಳಗೆ ಸ್ಪ್ರಿಂಗ್ ಇದ್ದಿದ್ದರೆ ಹೊಸದರಲ್ಲೂ ಅದು ಇರಲೇಬೇಕು, ಇಲ್ಲವಾದರೆ ಹೋಸ್ ಒಳಕ್ಕೆ ಕುಸಿದು ಹರಿವು ನಿಲ್ಲಬಹುದು.

ಇನ್ನು ಲೂಬ್ರಿಕೆಂಟ್. ಬಿಗಿಯಾದ ಹೋಸನ್ನು ಕೊಳವೆಯ ಬಾಯಿಗೆ ಒಣಗಿದಂತೆಯೇ ತಳ್ಳಿದರೆ ಅಂಚು ಮಡಚಿಕೊಳ್ಳುತ್ತದೆ, ಪ್ಲಾಸ್ಟಿಕ್ ಬಾಯಿ ಮುರಿಯುವುದೂ ಉಂಟು; ಏನನ್ನಾದರೂ ಹಚ್ಚಲೇಬೇಕು. ಕೈಗೆ ಮೊದಲು ಸಿಗುವುದು ಎಂಜಿನ್ ಆಯಿಲ್, ಬೇರಿಂಗ್ ಗ್ರೀಸ್ ಅಥವಾ ಪೆಟ್ರೋಲಿಯಂ ಜೆಲ್ಲಿ, ಮತ್ತು ಈ ಮೂರೂ ಇಪಿಡಿಎಂಗೆ ಹಾನಿಕರ. ಜೆಲ್ಲಿ ಚರ್ಮಕ್ಕೆ ಸೌಮ್ಯವಾಗಿರುವುದರಿಂದ ರಬ್ಬರಿಗೂ ಸೌಮ್ಯವೆಂದು ತಿಳಿಯಬಾರದು, ಅದೂ ಪೆಟ್ರೋಲಿಯಂ ಮೂಲದ್ದೇ. ಇದನ್ನು ಕಣ್ಣಾರೆ ನೋಡಬೇಕೆಂದು ಹಳೆಯ ಹೋಸ್‌ನ ತುಂಡುಗಳನ್ನು ಎಂಜಿನ್ ಆಯಿಲ್‌ನಲ್ಲೂ ಕೂಲಂಟ್‌ನಲ್ಲೂ ಬೇರೆಬೇರೆಯಾಗಿ ನೆನೆಹಾಕಿ ಇಟ್ಟೆ. ಕೂಲಂಟ್‌ನಲ್ಲಿದ್ದ ತುಂಡು ಹಾಗೆಯೇ ಉಳಿಯಿತು, ಆಯಿಲ್‌ನಲ್ಲಿದ್ದದ್ದು ದಪ್ಪವಾಗಿ ಉಬ್ಬಿ ಉಗುರಿಗೆ ಮೆತ್ತಗೆ ಸಿಗುವಂತಾಯಿತು.

ನಾನು ಬಳಸಿದ್ದು ವ್ಯವಸ್ಥೆಗೆ ತುಂಬಲಿದ್ದ ಅದೇ ಕೂಲಂಟನ್ನು. ಅದರ ಗ್ಲೈಕಾಲ್ ಸಾಕಷ್ಟು ಜಾರುತ್ತದೆ, ಒಳಗೆ ಉಳಿದ ಅಂಶದಿಂದ ಯಾವ ತೊಂದರೆಯೂ ಇಲ್ಲ. ಸೌಮ್ಯ ಸೋಪಿನ ನೀರೂ ನಡೆಯುತ್ತದೆ, ಆದರೆ ಸ್ವಲ್ಪವೇ ಇರಲಿ, ಹೆಚ್ಚಾದರೆ ಕೂಲಂಟ್‌ನಲ್ಲಿ ನೊರೆ ಏಳಬಹುದು. ಸಿಲಿಕೋನ್ ಗ್ರೀಸ್ ಇಪಿಡಿಎಂಗೆ ಹೊಂದುತ್ತದೆಯಾದರೂ ಅದು ಒಣಗದೆ ಜಾರುತ್ತಲೇ ಇರುವುದರಿಂದ, ಒತ್ತಡದಲ್ಲಿರುವ ದೊಡ್ಡ ಹೋಸ್‌ಗೆ ನಾನು ಅದನ್ನು ಹಚ್ಚಲಿಲ್ಲ. ಥರ್ಮೋಸ್ಟಾಟ್ ಕವಚದ ಇಪಿಡಿಎಂ ಓ-ರಿಂಗ್‌ಗೆ ಮಾತ್ರ ತೆಳ್ಳಗೆ ಸವರಿದೆ. ಹೋಸ್ ಅಥವಾ ಸೀಲ್ ಸಿಲಿಕೋನ್‌ನದೇ ಆಗಿದ್ದರೆ ಈ ಗ್ರೀಸ್ ಅದನ್ನೂ ಉಬ್ಬಿಸುತ್ತದೆ, ಆಗ ಕೂಲಂಟ್ ಇಲ್ಲವೇ ಸೋಪಿನ ನೀರೇ ಸರಿ. ಎಥಿಲಿನ್ ಗ್ಲೈಕಾಲ್ ವಿಷಕಾರಿ, ರುಚಿ ಸಿಹಿ; ಚೆಲ್ಲಿದ್ದನ್ನು ಸಾಕುಪ್ರಾಣಿಗಳು ನೆಕ್ಕದಂತೆ ತಕ್ಷಣ ಒರೆಸಬೇಕು.

ವಾಟರ್ ಪಂಪಿಗೂ ಪ್ರತ್ಯೇಕ ಎಣ್ಣೆ ಹಾಕಬೇಕೇ ಎಂದು ಕೆಲವರು ಕೇಳುವುದುಂಟು. ಈಗಿನ ಪಂಪುಗಳ ಬೇರಿಂಗ್ ಗ್ರೀಸ್ ತುಂಬಿ ಮುಚ್ಚಿದ್ದಾಗಿರುತ್ತದೆ, ಸೀಲ್‌ನ ಉಜ್ಜುವ ಮುಖಗಳನ್ನು ಕೂಲಂಟೇ ತೇವವಾಗಿಡುತ್ತದೆ. ತಯಾರಕರು ಹೇಳಿದ ಕೂಲಂಟನ್ನು ಸರಿಯಾದ ಪ್ರಮಾಣದಲ್ಲಿ ತುಂಬಿದರೆ ಅಷ್ಟೇ ಸಾಕು.

ಕೂರಿಸುವ ಮುನ್ನ ಕೊಳವೆಯ ಬಾಯಿಯನ್ನು ಉಜ್ಜಿ ಹಳೆಯ ರಬ್ಬರಿನ ಚೂರುಗಳನ್ನು ತೆಗೆದೆ, ಕ್ಲಾಂಪನ್ನು ಬಾಯಿಯ ಉಬ್ಬಿನ ಹಿಂದೆ ಬರುವಂತೆ ಇಟ್ಟೆ. ರಬ್ಬರು ಕಾಲಕ್ರಮದಲ್ಲಿ ತಗ್ಗುವುದರಿಂದ, ಅದರೊಂದಿಗೆ ತಾನೂ ಬಿಗಿಯಾಗುತ್ತ ಹೋಗುವ ಸ್ಪ್ರಿಂಗ್ ಕ್ಲಾಂಪನ್ನೇ ನಾನು ಮೆಚ್ಚುತ್ತೇನೆ. ಸ್ಕ್ರೂ ಕ್ಲಾಂಪ್ ಹಾಕಿದ ಕಡೆ ಎಂಜಿನ್ ಬಿಸಿಯಾಗಿ ಮತ್ತೆ ತಣಿದ ಮೇಲೆ ಒಮ್ಮೆ ಬಿಗಿ ನೋಡಿ, ಕೂಲಂಟ್ ಮಟ್ಟವನ್ನು ಪರಿಶೀಲಿಸಿ, ಕಡಿಮೆಯಾಗಿದ್ದಷ್ಟನ್ನು ತುಂಬಿದೆ.