ಹದ್ದನ್ನು ನಂಬಿ ಟೊಮೆಟೊ ತೋಟದಲ್ಲಿ ಇಳಿದೆ

ನಾನು ಪ್ಯಾರಾಗ್ಲೈಡರ್ ಹಾರಿಸುತ್ತೇನೆ. ಊರು ಚಿಕ್ಕಬಳ್ಳಾಪುರದ ಹತ್ತಿರ. ಇಷ್ಟು ಹೇಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ, ನಂದಿ ಬೆಟ್ಟದಿಂದ ಹಾರ್ತೀರಾ ಅಂತ. ಇಲ್ಲ. ದೇವನಹಳ್ಳಿ ವಿಮಾನ ನಿಲ್ದಾಣ ಅಲ್ಲೇ ಹತ್ತಿರ ಇದೆ. 2008ರಿಂದ ಆ ಆಕಾಶ ದೊಡ್ಡ ವಿಮಾನಗಳದ್ದು, ನಮ್ಮಂಥ ಬಟ್ಟೆ ರೆಕ್ಕೆಯವರಿಗೆ ಅಲ್ಲಿ ಕೆಲಸವಿಲ್ಲ. ನಾನು ಕಲಿತಿದ್ದು ಪುಣೆ ಕಡೆಯ ಕಾಮ್‌ಶೇಟ್‌ನಲ್ಲಿ. ಇಲ್ಲಿ ಹಾರುವುದು ಕೋಲಾರದ ಆಚೆ ಒಂದು ಬೋಳು ಗುಡ್ಡದಿಂದ, ಅದೂ ಕೇಳಬೇಕಾದವರನ್ನೆಲ್ಲ ಕೇಳಿಕೊಂಡು.

ಗುಡ್ಡ ಸುಮಾರು 150 ಮೀಟರ್ ಎತ್ತರ. ನನ್ನ ರೆಕ್ಕೆ ಸೆಕೆಂಡಿಗೆ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿಯೇ ಕೆಳಗಿಳಿಯುತ್ತದೆ. ಎಂಜಿನ್ ಇಲ್ಲ. ಸುಮ್ನೆ ಜಾರಿದರೆ ಎರಡೂವರೆ ನಿಮಿಷದೊಳಗೆ ನೆಲ, ಮುಗೀತು ಆಟ. ಮೇಲಿರಬೇಕು ಅಂದರೆ ಥರ್ಮಲ್ ಬೇಕು. ಬಿಸಿಲಿಗೆ ಕಾದ ಬಂಡೆಯಿಂದಲೋ ಉಳುಮೆ ಮಾಡಿದ ಕೆಂಪು ಹೊಲದಿಂದಲೋ ಎದ್ದು ಬರುವ ಬಿಸಿ ಗಾಳಿ ಅದು. ಕಣ್ಣಿಗೆ ಕಾಣಲ್ಲ. ಹದ್ದು ಕಾಣುತ್ತದೆ. ಹಾಗಾಗಿ ಕಲಿಯುವಾಗ ಎಲ್ಲರಿಗೂ ಮೊದಲು ಹೇಳಿಕೊಡುವುದೇ ಇದು: ಹದ್ದು ಸುತ್ತುವ ಕಡೆ ಹೋಗು.

ನಾನು ಹೋದೆ. ಒಂದು ಮಾರ್ಚ್ ಮಧ್ಯಾಹ್ನ, ಟೇಕಾಫ್ ಆಗಿ ಎರಡು ಸಲ ಗುಡ್ಡದ ಮುಂದೆ ಅತ್ತಿತ್ತ ಓಡಾಡಿದೆ, ಏನೂ ಸಿಗಲಿಲ್ಲ, ಎತ್ತರ ಕಳೀತಾ ಇತ್ತು. ಅಷ್ಟರಲ್ಲಿ ಊರಿನ ಅಂಚಿನಲ್ಲಿ ಏಳೆಂಟು ಹದ್ದುಗಳು ಸುತ್ತುತ್ತಿರುವುದು ಕಂಡು ಖುಷಿಯಿಂದ ಅತ್ತ ತಿರುಗಿಸಿಬಿಟ್ಟೆ. ತಲುಪುವಷ್ಟರಲ್ಲಿ ಅರವತ್ತು ಮೀಟರ್ ಉಳಿದಿತ್ತು. ಸುತ್ತಿದೆ. ಮೇಲೇರುತ್ತಿದ್ದರೆ ಸದ್ದು ಮಾಡಿ ಹೇಳುವ ಯಂತ್ರ, ವೇರಿಯೋ, ಒಂದು ಪೀಪ್ ಕೂಡ ಅನ್ನಲಿಲ್ಲ. ಮತ್ತೆ ಸುತ್ತಿದೆ. ಕೆಳಗೆ ಎಲ್ಲ ಕಡೆ ಟೊಮೆಟೊ, ಕಡ್ಡಿ ನೆಟ್ಟು ದಾರ ಕಟ್ಟಿದ ಟೊಮೆಟೊ.

ಒಂದು ಸಾಲು ಪೂರ್ತಿ ಮಲಗಿಸಿ ಇಳಿದೆ. ನನಗೆ ಏನೂ ಆಗಲಿಲ್ಲ, ಹಾರ್ನೆಸ್ಸೆಲ್ಲ ಕೆಂಪು ಕೆಂಪು. ತೋಟದ ಯಜಮಾನರು ನಿಧಾನಕ್ಕೆ ನಡೆದು ಬಂದು, ದಾರಗಳ ಮಧ್ಯೆ ಸಿಕ್ಕಿಕೊಂಡಿದ್ದ ನನ್ನನ್ನು ನೋಡಿ, "ಏನಪ್ಪಾ ಪ್ಯಾರಾಚೂಟು, ಬೇರೆ ಜಾಗಾನೇ ಸಿಗ್ಲಿಲ್ವಾ?" ಅಂದರು. ಹದ್ದು ನೋಡಿ ಬಂದೆ ಯಜಮಾನ್ರೇ, ತಪ್ಪಾಯ್ತು ಅಂದೆ. ಅವರು ನಕ್ಕೇಬಿಟ್ಟರು. ಕೋಳಿ ಅಂಗಡಿಯವನು ಕರುಳು, ಪುಕ್ಕ ಎಲ್ಲ ಅಲ್ಲೇ ತಂದು ಸುರಿಯುತ್ತಾನಂತೆ. ದಿನಾ ಅದೇ ಹೊತ್ತಿಗೆ ಹದ್ದುಗಳು ಹಾಜರು. ಗಿಡಕ್ಕೆ ದುಡ್ಡು ಕೊಟ್ಟೆ, ಅರ್ಧ ವಾಪಸ್ ಕೊಟ್ಟರು.

ಅವತ್ತು ಮನೆಗೆ ಬಂದು ಯೋಚಿಸಿದಾಗ ಗೊತ್ತಾಯಿತು, ನಾನು ಹದ್ದು ಇದೆ ಅಂತ ನೋಡಿದ್ದೆನೇ ಹೊರತು ಹದ್ದು ಏನು ಮಾಡುತ್ತಿದೆ ಅಂತ ನೋಡಿರಲಿಲ್ಲ. ಅವು ರೆಕ್ಕೆ ಬಡಿಯುತ್ತಿದ್ದವು! ಎರಡು ಸುತ್ತಿಗೆ ನಾಲ್ಕು ಸಲ ರೆಕ್ಕೆ ಬಡಿಯುವ ಹದ್ದು ಊಟಕ್ಕೆ ಬಂದಿದೆ, ಥರ್ಮಲ್‌ಗೆ ಅಲ್ಲ. ಮಳೆ ಬಿದ್ದ ಮೇಲೆ ರೆಕ್ಕೆ ಬಂದ ಗೆದ್ದಲು ಏಳುವಾಗಲೂ ಹೀಗೇ. ಹದ್ದುಗಳ ಜಾತ್ರೆ ಇರುತ್ತದೆ, ಆದರೆ ಒಂದೊಂದು ಒಂದೊಂದು ದಿಕ್ಕಿಗೆ. ನಿಜವಾದ ಥರ್ಮಲ್‌ನಲ್ಲಿ ಎಲ್ಲವೂ ಸಾಮಾನ್ಯವಾಗಿ ಒಂದೇ ಕಡೆಗೆ ಸುತ್ತುತ್ತವೆ, ರೆಕ್ಕೆ ಅಲುಗಲ್ಲ, ಒಂದೊಂದು ಸುತ್ತಿಗೂ ಮೇಲೇರಿ ಸಣ್ಣದಾಗಿ ಕಾಣುತ್ತಾ ಹೋಗುತ್ತವೆ.

ಇನ್ನೊಂದು ವಿಷಯ. ನಮ್ಮ ಕಡೆಯ ಕಂದು ಹದ್ದು, ಬಾಲ ಕವಲೊಡೆದಿರುತ್ತದಲ್ಲ ಅದು, ಒಂದು ಕೆಜಿಯೂ ತೂಗಲ್ಲ. ಅಂಗಳದಷ್ಟು ಜಾಗದಲ್ಲಿ ತಿರುಗಿಬಿಡುತ್ತದೆ. ನಾನು ಸಾಮಾನೆಲ್ಲ ಸೇರಿ 95 ಕೆಜಿ, ನನ್ನ ಒಂದು ಸುತ್ತಿಗೆ ಕಡಿಮೆ ಅಂದರೂ 35-40 ಮೀಟರ್ ಅಗಲ ಬೇಕು. ಹದ್ದಿಗೆ ಸಾಕಾಗುವ ಸಣ್ಣ ಬಿಸಿಗಾಳಿಯಲ್ಲಿ ನಾನು ಅರ್ಧ ಸುತ್ತು ಒಳಗೆ, ಅರ್ಧ ಸುತ್ತು ಹೊರಗೆ. ಹದ್ದು ಮೇಲೆ ಹೋಗುತ್ತದೆ, ನಾನು ಅಲ್ಲೇ ಇರುತ್ತೇನೆ. ಇದರಲ್ಲಿ ಹದ್ದಿನ ತಪ್ಪೇನಿಲ್ಲ ಅಲ್ವಾ?

ರಣಹದ್ದಿನ ಲೆಕ್ಕ ಬೇರೆ. ಅದನ್ನು ನೋಡಲು ನಾನು ಹಿಮಾಚಲದ ಬೀರ್ ಬಿಲ್ಲಿಂಗ್‌ಗೆ ಹೋಗಬೇಕಾಯಿತು. ನಮ್ಮ ಸುತ್ತಮುತ್ತ ಅವು ಈಗ ಎಲ್ಲಿವೆ? ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವಿನ ಔಷಧಿ ಸತ್ತ ದನದ ಮಾಂಸದ ಜೊತೆ ಹೊಟ್ಟೆಗೆ ಹೋಗಿ, ದೇಶದ ರಣಹದ್ದುಗಳಲ್ಲಿ ಬಹುಪಾಲು ಮೂತ್ರಪಿಂಡ ಕೆಟ್ಟು ಸತ್ತವು. ದನಗಳಿಗೆ ಅದನ್ನು ಕೊಡಬಾರದು ಅಂತ ನಿಷೇಧ ಬಂದಿದ್ದು 2006ರಲ್ಲಿ. ರಾಮನಗರದ ರಾಮದೇವರ ಬೆಟ್ಟದಲ್ಲಿ ಕೈಬೆರಳೆಣಿಕೆಯಷ್ಟು ಉಳಿದವು ಅಂತ 2012ರಲ್ಲಿ ಅದನ್ನು ರಣಹದ್ದು ಧಾಮ ಮಾಡಿದರು. ಬೀರ್‌ನಲ್ಲಿ ಟೇಕಾಫ್ ಜಾಗವೇ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಅಲ್ಲಿ ಒಂದು ಹಿಮಾಲಯದ ರಣಹದ್ದು ನನ್ನ ಎಡಗಡೆ, ಒಂದು ಬಸ್ಸಿನಷ್ಟು ದೂರದಲ್ಲಿ, ಹತ್ತು ಸುತ್ತು ನನ್ನ ಜೊತೆಗೇ ಸುತ್ತಿತು. ಎಂಟು-ಹತ್ತು ಕೆಜಿಯ ಹಕ್ಕಿ, ರೆಕ್ಕೆ ಚಾಚಿದರೆ ಎರಡೂವರೆ ಮೀಟರಿಗೂ ಜಾಸ್ತಿ. ಅದು ರೆಕ್ಕೆ ಬಡಿಯದೆ ಏರುತ್ತಿದೆ ಅಂದರೆ ಗಾಳಿ ಗಟ್ಟಿ ಇದೆ, ನನ್ನನ್ನೂ ಎತ್ತುತ್ತದೆ. ರೆಕ್ಕೆ ತುದಿಯ ಗರಿಗಳು ಬೆರಳುಗಳ ಹಾಗೆ ಬಿಡಿಬಿಡಿಯಾಗಿ ಮೇಲಕ್ಕೆ ಬಾಗಿದ್ದವು. ಗಾಳಿ ಸೀಳುವ ಸದ್ದು ಕೇಳಿಸುತ್ತಿತ್ತು. ತಲೆ ಮಾತ್ರ ಹೊರಳಿಸಿ ನನ್ನನ್ನು ಒಂದು ಸಲ ನೋಡಿತು, ಅಷ್ಟೇ, ಆಮೇಲೆ ನನ್ನ ಗೊಡವೆಗೆ ಬರಲಿಲ್ಲ.

ಹಕ್ಕಿ ಜೊತೆ ಸುತ್ತುವಾಗ ನಾನು ಪಾಲಿಸುವುದು ಗ್ಲೈಡರ್‌ನವರ ನಡುವೆ ಇರುವ ನಿಯಮವನ್ನೇ. ಮೊದಲು ಬಂದವರು ಎಡಕ್ಕೆ ಸುತ್ತುತ್ತಿದ್ದರೆ ನಾನೂ ಎಡಕ್ಕೆ. ನಡುವೆ ನುಗ್ಗುವುದಿಲ್ಲ, ಹೊರಗಿನಿಂದ ಸೇರಿಕೊಳ್ಳುತ್ತೇನೆ. ಫೋಟೋಗೋಸ್ಕರ ಹಿಂದೆ ಬೀಳುವುದಿಲ್ಲ. ಹದ್ದಿನ ಬಾಲ ನೋಡುತ್ತಿರುತ್ತೇನೆ: ಬಾಲ ಪದೇ ಪದೇ ತಿರುಚುತ್ತಿದ್ದರೆ ಒಳಗೆ ಗಾಳಿ ಒರಟಾಗಿದೆ, ರೆಕ್ಕೆಯನ್ನು ಹತೋಟಿಯಲ್ಲಿಡುವ ಬ್ರೇಕ್ ಹಗ್ಗಗಳ ಮೇಲೆ ಕೈ ಬಿಗಿ ಇರಬೇಕು.

ಭಯ ಆಗಿದ್ದು ಒಂದೇ ಸಲ. ಡಿಸೆಂಬರ್, ಅದೇ ಗುಡ್ಡದ ಹಿಂಬದಿ, ಬಂಡೆಗೋಡೆ ಇರುವ ಕಡೆ. ಬೊನೆಲ್ಲಿ ಈಗಲ್ ಅನ್ನುವ ದೊಡ್ಡ ಬೇಟೆ ಹಕ್ಕಿ ಒಂದು ನನಗಿಂತ ಮೇಲೆ ಬಂದು, ರೆಕ್ಕೆ ಮಡಚಿ ಕೆಳಗೆ ಧುಮುಕಿ, ಮತ್ತೆ ಏರಿ, ಮತ್ತೆ ಧುಮುಕಿ, ಉಯ್ಯಾಲೆ ಆಡಿದ ಹಾಗೆ ಮಾಡಿತು. ಆಟ ಅಂದುಕೊಂಡೆ, ದಡ್ಡ ನಾನು. ಮೂರನೇ ಸಲ ಕಾಲು ಚಾಚಿಕೊಂಡು ರೆಕ್ಕೆಯ ಬಟ್ಟೆಗೆ ಒಂದಾಳು ದೂರದಲ್ಲಿ ಹಾದುಹೋಯಿತು. ಅಲ್ಲೇ ಗೂಡಿತ್ತು. ಆ ಹಕ್ಕಿಗಳು ನಮ್ಮ ಕಡೆ ಮರಿ ಮಾಡುವುದೇ ಚಳಿಗಾಲದಲ್ಲಿ. ಕಿರುಚಲಿಲ್ಲ, ಆಚೆ ಈಚೆ ತಿರುಗಿಸಲಿಲ್ಲ, ನೇರವಾಗಿ ಬಯಲಿನ ಕಡೆಗೆ ಹೊರಟೆ. ಅದು ಇನ್ನೂರು ಮೀಟರ್ ತನಕ ಹಿಂದೆ ಬಂದು ಬಿಟ್ಟುಬಿಟ್ಟಿತು. 2007ರಲ್ಲಿ ಆಸ್ಟ್ರೇಲಿಯಾದಲ್ಲಿ ಒಬ್ಬ ಮಹಿಳಾ ಪೈಲಟ್ ಮೇಲೆ ಎರಡು ಈಗಲ್‌ಗಳು ಎರಗಿ, ಒಂದು ರೆಕ್ಕೆಯ ದಾರಗಳಿಗೇ ಸಿಕ್ಕಿಹಾಕಿಕೊಂಡಿತ್ತು. ಅವರು ಬದುಕಿ ಇಳಿದರು. ನಾನು ಮಾತ್ರ ನವೆಂಬರಿಂದ ಮಾರ್ಚ್ ತನಕ ಆ ಹಿಂಬದಿಗೆ ಹೋಗುವುದನ್ನೇ ಬಿಟ್ಟೆ, ಜೊತೆಯವರಿಗೂ ಹೇಳಿದ್ದೇನೆ.

ಅಮ್ಮನಿಗೆ ಇದನ್ನೆಲ್ಲ ಪೂರ್ತಿ ಹೇಳಿಲ್ಲ. ಕೆರೆ ಹತ್ತಿರ ಬಿಳಿ ಎದೆಯ ಗರುಡ ಕಂಡರೆ ನಿಂತಲ್ಲೇ ಕೆನ್ನೆ ತಟ್ಟಿಕೊಳ್ಳುವವರು ಅವರು. "ಅಷ್ಟು ಹತ್ತಿರದಿಂದ ಗರುಡನ್ನ ನೋಡ್ತೀಯಲ್ಲೋ, ಕೈ ಮುಗೀತೀಯೋ ಇಲ್ವೋ?" ಅಂತ ಕೇಳುತ್ತಾರೆ. ಎರಡೂ ಕೈಯಲ್ಲಿ ಬ್ರೇಕ್ ಇರುತ್ತಮ್ಮಾ ಅಂದರೆ ಒಪ್ಪಲ್ಲ. ಆದರೆ ಈಗ ನಮ್ಮ ಮನೆ ಹಿಂದಿನ ನೀಲಗಿರಿ ಮರದ ಮೇಲೆ ಅವರದೇ ಒಂದು ಕಣ್ಣು. ಹದ್ದುಗಳು ರಾತ್ರಿ ಅಲ್ಲೇ ಕೂರುತ್ತವೆ, ಬಿಸಿಲು ಏರಿ ಗಾಳಿ ಏಳುವ ತನಕ ಮರ ಬಿಡಲ್ಲ. ನಾನು ಬೆಳಗ್ಗೆ ಏಳಕ್ಕೇ ಬ್ಯಾಗ್ ಹೊತ್ತು ಹೊರಟರೆ ಅಡುಗೆಮನೆಯಿಂದಲೇ ಕೂಗುತ್ತಾರೆ, "ಅವೇ ಇನ್ನೂ ಎದ್ದಿಲ್ಲ, ನೀನೆಲ್ಲಿಗೋ ಹೊರಟೆ, ತಿಂಡಿ ತಿಂದು ಹೋಗು."